ಕಣ್ಣಿಗೆ ಕಾಣದ ಅಕ್ಷರ ಕಿವಿಗೆ ಕನ್ನಡದಲ್ಲಿ ಕೇಳಲಿ: ಮುಕ್ತ ತಂತ್ರಾಂಶಗಳಲ್ಲಿ ಓದುವ ಧ್ವನಿಯ ಸಿದ್ಧತೆ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಸದ್ಭಕ್ತರಲ್ಲಿ ಇಂದು ಮೊಬೈಲ್ ಇಲ್ಲದ ಮನೆ ವಿರಳ. ಕಾಲೇಜಿಗೆ ಹೋಗುವ ಮಕ್ಕಳಿರುವ ಅನೇಕ ಮನೆಗಳಲ್ಲಿ ಲ್ಯಾಪ್‌ಟಾಪ್ ಕೂಡ ಇದೆ. ಕಬ್ಬಿನ ಬಿಲ್ಲು ಜಮೆಯಾದ ಸಂದೇಶ, ಹೊಲದ ಉತಾರ, ಮಕ್ಕಳ ಪರೀಕ್ಷೆಯ ಫಲಿತಾಂಶ, ಮಠದ ಜಾತ್ರೆಯ ಆಮಂತ್ರಣ, ಇವೆಲ್ಲವೂ ಈಗ ಪರದೆಯ ಮೇಲೆ ಅಕ್ಷರಗಳಾಗಿಯೇ ಬರುತ್ತವೆ. ಆದರೆ ಅದೇ ಮನೆಯಲ್ಲಿ ದೃಷ್ಟಿ ಇಲ್ಲದ ಒಬ್ಬರಿದ್ದರೆ ಅವರು ಪ್ರತಿಯೊಂದಕ್ಕೂ ಇನ್ನೊಬ್ಬರ ಬಿಡುವಿಗಾಗಿ ಕಾಯಬೇಕಾಗುತ್ತದೆ. ಬ್ಯಾಂಕಿನ ಸಂದೇಶವನ್ನು ಬೇರೆಯವರಿಂದ ಓದಿಸಿದರೆ ಖಾತೆಯ ಗುಟ್ಟು ಉಳಿಯದು. ಸ್ವಂತ ಪತ್ರವನ್ನು ಓದಿಸಿದರೆ ಮನಸ್ಸಿನ ಗುಟ್ಟು ಉಳಿಯದು. ತಾವೇ ಓದಿಕೊಳ್ಳುವ ಸ್ವಾತಂತ್ರ್ಯ ಎಷ್ಟು ದೊಡ್ಡದೆಂಬುದು ಅದು ಇಲ್ಲದವರಿಗೆ ಚೆನ್ನಾಗಿ ಗೊತ್ತು.

2011ರ ಜನಗಣತಿಯ ಪ್ರಕಾರ ಭಾರತದಲ್ಲಿ ದೃಷ್ಟಿ ವಿಕಲಚೇತನರ ಸಂಖ್ಯೆ ಸುಮಾರು 50 ಲಕ್ಷ. ಇವರಲ್ಲಿ ಗಣಕಯಂತ್ರ ಬಳಸುವವರು ಪರದೆಯ ಮೇಲಿನ ಅಕ್ಷರಗಳನ್ನು ಧ್ವನಿಯಾಗಿ ಕೇಳಿ ಓದುತ್ತಾರೆ. ಇದಕ್ಕೆ ಬೇಕಾದ ತಂತ್ರಾಂಶಗಳು ಕನ್ನಡದಲ್ಲಿಯೂ ಉಚಿತವಾಗಿ, ಮುಕ್ತವಾಗಿ ದೊರೆಯುತ್ತವೆ. ಆದರೂ ನಮ್ಮ ಭಾಗದಲ್ಲಿ ಅನೇಕರು ಅವುಗಳನ್ನು ಒಮ್ಮೆ ಹಚ್ಚಿ ನೋಡಿ, "ಇದು ಸರಿಯಾಗಿ ಓದುವುದಿಲ್ಲ" ಎಂದು ಕೈಬಿಡುತ್ತಾರೆ. ಹೆಚ್ಚಿನ ಸಂದರ್ಭಗಳಲ್ಲಿ ದೋಷ ತಂತ್ರಾಂಶದ್ದಲ್ಲ. ಒಂದೋ ಧ್ವನಿಯನ್ನು ಓದುಗರಿಗೆ ತಕ್ಕಂತೆ ಹೊಂದಿಸಿರುವುದಿಲ್ಲ, ಇಲ್ಲವೇ ಓದಿಸಲು ಕೊಟ್ಟ ಕನ್ನಡ ಪಠ್ಯವೇ ಯಂತ್ರಕ್ಕೆ ಅರ್ಥವಾಗುವ ರೀತಿಯಲ್ಲಿ ಇರುವುದಿಲ್ಲ. ಮೊದಲನೆಯದು ಕೇಳುವವರ ಮನೆಯಲ್ಲಿ ಆಗಬೇಕಾದ ಕೆಲಸ. ಎರಡನೆಯದು ಬರೆಯುವವರಾದ ನಮ್ಮೆಲ್ಲರ ಕೆಲಸ. ಇವೆರಡನ್ನೂ ಈ ಲೇಖನದಲ್ಲಿ ವಿವರಿಸುತ್ತೇವೆ.

ನಮ್ಮ ನಾಡಿನಲ್ಲಿ ಈ ಸೇವೆಯ ಹಾದಿ

ದೃಷ್ಟಿ ಇಲ್ಲದವರಿಗೆ ವಿದ್ಯೆ ಕೊಡುವುದು ನಮ್ಮ ಮಠಪರಂಪರೆಗೆ ಹೊಸದಲ್ಲ. ಹಾನಗಲ್ಲ ಕುಮಾರ ಶಿವಯೋಗಿಗಳ ಕೃಪೆಯಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು (1892-1944) ಸ್ವತಃ ಅಂಧರಾಗಿದ್ದು, ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿ ಅಂಧ ಬಾಲಕರಿಗೆ ಅನ್ನ, ಆಶ್ರಯ, ಸಂಗೀತವಿದ್ಯೆ ನೀಡಿದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914-2010) ಕನ್ನಡ, ಸಂಸ್ಕೃತ, ಹಿಂದಿ ಮೂರೂ ಭಾಷೆಗಳಲ್ಲಿ ಕೃತಿಗಳನ್ನು ರಚಿಸಿದರು. ಕಣ್ಣಿಲ್ಲದವರು ವಿದ್ಯೆಯನ್ನು ಪಡೆಯುವವರಷ್ಟೇ ಅಲ್ಲ, ಕೊಡುವವರೂ ಆಗಬಲ್ಲರೆಂಬುದನ್ನು ಆ ಗುರುಪರಂಪರೆ ನಾಡಿಗೆ ತೋರಿಸಿತು. ಅಂದು ಅವರು ಸ್ವರದ ಮೂಲಕ ಮಾಡಿದ ವಿದ್ಯಾದಾಸೋಹಕ್ಕೆ ಇಂದು ಗಣಕದ ಧ್ವನಿಯೂ ಒಂದು ಸಾಧನವಾಗಬಲ್ಲದು.

ಅಕ್ಷರ ಧ್ವನಿಯಾಗುವ ಬಗೆ

ಹೊಂದಿಸುವ ಮೊದಲು, ಈ ವ್ಯವಸ್ಥೆಯಲ್ಲಿ ಯಾರು ಯಾವ ಕೆಲಸ ಮಾಡುತ್ತಾರೆಂದು ತಿಳಿಯುವುದು ಒಳ್ಳೆಯದು. ತೊಂದರೆ ಬಂದಾಗ ಎಲ್ಲಿ ನೋಡಬೇಕೆಂಬುದು ಆಗ ತಿಳಿಯುತ್ತದೆ.

ಲಿನಕ್ಸ್ ಎಂಬುದು ಮುಕ್ತ ಕಾರ್ಯಾಚರಣಾ ವ್ಯವಸ್ಥೆ. ಉಬುಂಟು, ಡೆಬಿಯನ್, ಫೆಡೋರಾ ಇವು ಅದರ ಜನಪ್ರಿಯ ರೂಪಗಳು. ಇವುಗಳಲ್ಲಿ ಓದುವ ಕೆಲಸ ಮೂರು ಹಂತಗಳಲ್ಲಿ ನಡೆಯುತ್ತದೆ. ಮೊದಲನೆಯದು ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲೆ ಏನಿದೆ ಎಂದು ಗುರುತಿಸಿ ಯಾವುದನ್ನು ಓದಬೇಕು ಎಂದು ನಿರ್ಧರಿಸುವ ತಂತ್ರಾಂಶ. ಲಿನಕ್ಸ್‌ನಲ್ಲಿ ಇದರ ಹೆಸರು ಓರ್ಕಾ. ಎರಡನೆಯದು ಸ್ಪೀಚ್ ಡಿಸ್ಪ್ಯಾಚರ್. ಇದು ಸ್ಕ್ರೀನ್ ರೀಡರ್ ಕೊಟ್ಟ ಪಠ್ಯವನ್ನು ಸರಿಯಾದ ಧ್ವನಿಗೆ ತಲುಪಿಸುವ ಮಧ್ಯಸ್ಥ. ಮೂರನೆಯದು ಧ್ವನಿ ಸಂಯೋಜಕ, ಅಂದರೆ ಸ್ಪೀಚ್ ಸಿಂಥಸೈಜರ್. ಅಕ್ಷರವನ್ನು ಉಚ್ಚಾರಣೆಯಾಗಿ, ಉಚ್ಚಾರಣೆಯನ್ನು ಸದ್ದಾಗಿ ಪರಿವರ್ತಿಸುವುದು ಇದೇ.

ನಮ್ಮ ಶ್ರಾವಣದ ಪುರಾಣ ಪ್ರವಚನದಲ್ಲಿ ಒಬ್ಬರು ಪದ್ಯ ಹಾಡುತ್ತಾರೆ, ಒಬ್ಬರು ಅರ್ಥ ಹೇಳುತ್ತಾರೆ, ಒಬ್ಬರು ತಬಲಾ ನುಡಿಸುತ್ತಾರೆ. ತಬಲಾ ಶ್ರುತಿ ತಪ್ಪಿದರೆ ಪ್ರವಚನಕಾರರನ್ನು ಬದಲಿಸಿ ಪ್ರಯೋಜನವಿಲ್ಲ. ಇಲ್ಲಿಯೂ ಹಾಗೆಯೇ. ಉಚ್ಚಾರಣೆ ಕೆಟ್ಟಿದ್ದರೆ ನೋಡಬೇಕಾದದ್ದು ಧ್ವನಿ ಸಂಯೋಜಕವನ್ನು, ಓರ್ಕಾವನ್ನಲ್ಲ. ಉಚ್ಚಾರಣೆ ಸರಿಯಿದ್ದು ಓದಬೇಕಾದದ್ದನ್ನು ಓದದಿದ್ದರೆ ನೋಡಬೇಕಾದದ್ದು ಓರ್ಕಾವನ್ನು.

ಯಾವ ಧ್ವನಿಯನ್ನು ಆರಿಸಬೇಕು?

ಕನ್ನಡವನ್ನು ಓದುವ ಮುಕ್ತ ಧ್ವನಿ ಸಂಯೋಜಕಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಇಸ್ಪೀಕ್ ಎನ್‌ಜಿ. ಜೊನಾಥನ್ ಡಡಿಂಗ್ಟನ್ ಎಂಬುವರು 1995ರಲ್ಲಿ ಏಕಾರ್ನ್ ಗಣಕಗಳಿಗಾಗಿ ಬರೆದ ಪುಟ್ಟ ತಂತ್ರಾಂಶ ಇದರ ಮೂಲ. 2015ರ ಕೊನೆಯಿಂದ ಅದು ಇಸ್ಪೀಕ್ ಎನ್‌ಜಿ ಎಂಬ ಹೆಸರಿನಲ್ಲಿ ಮುಂದುವರಿದಿದೆ. ನೂರಕ್ಕೂ ಹೆಚ್ಚು ಭಾಷೆಗಳನ್ನು ಬಲ್ಲ ಈ ತಂತ್ರಾಂಶದ ಒಟ್ಟು ಗಾತ್ರ ಕೆಲವೇ ಎಂಬಿ. ಇದು ಮನುಷ್ಯರ ಧ್ವನಿಮುದ್ರಣವನ್ನು ಜೋಡಿಸಿ ಮಾತನಾಡುವುದಿಲ್ಲ. ಗಂಟಲು, ಬಾಯಿಗಳಲ್ಲಿ ಸ್ವರಗಳು ಹುಟ್ಟುವ ಕ್ರಮವನ್ನು ಲೆಕ್ಕದಿಂದ ಅನುಕರಿಸಿ ಸದ್ದನ್ನು ತಾನೇ ನಿರ್ಮಿಸುತ್ತದೆ. ಬರೆದಂತೆ ಓದುವ ಗುಣ ನಮ್ಮ ಲಿಪಿಯಲ್ಲಿ ಹೆಚ್ಚಾಗಿರುವುದರಿಂದ ನಿಯಮಗಳ ಮೇಲೆ ನಡೆಯುವ ಈ ವಿಧಾನ ಕನ್ನಡಕ್ಕೆ ಚೆನ್ನಾಗಿ ಹೊಂದುತ್ತದೆ. 'ಸಂಗ', 'ಸಂತೆ', 'ಸಂಬಳ' ಈ ಮೂರರಲ್ಲಿ ಅನುಸ್ವಾರ ಒಂದೇ, ಉಚ್ಚಾರಣೆ ಮೂರು ಬಗೆ. ಮುಂದಿನ ವ್ಯಂಜನವನ್ನು ನೋಡಿ ಇಂಥದನ್ನು ನಿಯಮದಿಂದಲೇ ತೀರ್ಮಾನಿಸಬಹುದು.

ಈ ಧ್ವನಿ ಮೊದಲ ಬಾರಿ ಕೇಳಿದವರಿಗೆ ತಗಡಿನ ಸದ್ದಿನಂತೆ ಕೇಳಿಸುತ್ತದೆ ನಿಜ. ಮನೆಯ ಕಣ್ಣಿರುವ ಮಂದಿ "ಇದಕ್ಕಿಂತ ಮನುಷ್ಯರಂತೆ ಮಾತಾಡುವ ಧ್ವನಿ ಹಾಕಿಕೊಡೋಣ" ಎಂದು ಬದಲಿಸಿಬಿಡುವುದೂ ಉಂಟು. ಇಲ್ಲಿ ಸ್ವಲ್ಪ ನಿಧಾನಿಸಬೇಕು. ಓದಲು ಅಭ್ಯಾಸವಾದವರಿಗೆ ಧ್ವನಿಯ ಇಂಪಿಗಿಂತ ಮುಖ್ಯವಾದ ಗುಣಗಳು ಎರಡಿವೆ. ಒಂದು, ಕೀಲಿ ಒತ್ತಿದ ಕ್ಷಣವೇ ಮಾತು ಹೊರಡಬೇಕು. ಎರಡು, ವೇಗ ಹೆಚ್ಚಿಸಿದಾಗಲೂ ಅಕ್ಷರಗಳು ಒಂದಕ್ಕೊಂದು ಅಂಟಿಕೊಳ್ಳದೆ ಬಿಡಿಯಾಗಿ ಕೇಳಿಸಬೇಕು. ಈ ಎರಡರಲ್ಲಿಯೂ ಇಸ್ಪೀಕ್ ಗಟ್ಟಿಯಾಗಿದೆ. ಆದ್ದರಿಂದಲೇ ಅನುಭವಿಗಳಾದ ಅನೇಕ ಬಳಕೆದಾರರು ದಿನದ ಕೆಲಸಕ್ಕೆ ಇದನ್ನೇ ಇಟ್ಟುಕೊಂಡು, ಕಥೆ ಕಾದಂಬರಿ ಓದುವಾಗ ಮಾತ್ರ ಇಂಪಾದ ಬೇರೆ ಧ್ವನಿಗೆ ಹೋಗುತ್ತಾರೆ. ಆಯ್ಕೆ ಕೇಳುವವರದು. ಸಹಾಯ ಮಾಡುವವರು ಎರಡನ್ನೂ ಕೇಳಿಸಬೇಕೇ ಹೊರತು ತಮ್ಮ ಕಿವಿಯ ರುಚಿಯನ್ನು ಹೇರಬಾರದು.

ಬೇರೆ ಪ್ರಯತ್ನಗಳೂ ನಡೆದಿವೆ. ಸಂತೋಷ್ ತೋಟ್ಟಿಂಗಲ್ ಅವರು ಬೆಳೆಸಿದ 'ಧ್ವನಿ' ಎಂಬ ಮುಕ್ತ ತಂತ್ರಾಂಶ ಹಲವು ಭಾರತೀಯ ಭಾಷೆಗಳೊಡನೆ ಕನ್ನಡವನ್ನೂ ಓದುತ್ತಿತ್ತು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಫ್ಲೈಟ್ ಎಂಬ ಸಂಯೋಜಕಕ್ಕೆ ಕನ್ನಡದ ಧ್ವನಿಯೊಂದಿದೆ. ಮದ್ರಾಸಿನ ಐಐಟಿಯ ಎಐ4ಭಾರತ್ ತಂಡ ಕನ್ನಡವೂ ಸೇರಿದಂತೆ 13 ಭಾರತೀಯ ಭಾಷೆಗಳ ಧ್ವನಿ ಮಾದರಿಗಳನ್ನು ಮುಕ್ತವಾಗಿ ಬಿಡುಗಡೆ ಮಾಡಿದೆ. ಇಂಥ ಹೊಸ ಮಾದರಿಗಳ ಧ್ವನಿ ಮನುಷ್ಯರ ಧ್ವನಿಗೆ ಬಹಳ ಹತ್ತಿರ. ಆದರೆ ಅವುಗಳಿಗೆ ಹೆಚ್ಚು ಶಕ್ತಿಯ ಗಣಕ ಬೇಕಾಗುವುದರಿಂದ, ಹಳೆಯ ಲ್ಯಾಪ್‌ಟಾಪಿನಲ್ಲಿ ಕೀಲಿ ಒತ್ತಿದ ಕೂಡಲೇ ನುಡಿಯುವ ಕೆಲಸಕ್ಕೆ ಇಸ್ಪೀಕ್ ಇಂದಿಗೂ ಸುಲಭದ ದಾರಿ.

ಲಿನಕ್ಸ್ ಗಣಕದಲ್ಲಿ ಹೊಂದಿಸುವ ಕ್ರಮ

ಮೊದಲ ಹೆಜ್ಜೆ ಓರ್ಕಾವನ್ನು ಎಬ್ಬಿಸುವುದು. ಉಬುಂಟು, ಫೆಡೋರಾಗಳಂಥ ಗ್ನೋಮ್ ಆಧಾರಿತ ವ್ಯವಸ್ಥೆಗಳಲ್ಲಿ ಆಲ್ಟ್ ಕೀಲಿ, ವಿಂಡೋಸ್ ಚಿಹ್ನೆಯ ಕೀಲಿ ಮತ್ತು ಎಸ್ ಅಕ್ಷರ, ಈ ಮೂರನ್ನು ಒಟ್ಟಿಗೆ ಒತ್ತಿದರೆ ಓರ್ಕಾ ಮಾತನಾಡತೊಡಗುತ್ತದೆ. ಮತ್ತೊಮ್ಮೆ ಒತ್ತಿದರೆ ಸುಮ್ಮನಾಗುತ್ತದೆ. ಇದಕ್ಕೆ ಕಣ್ಣಿರುವವರ ನೆರವು ಬೇಕಿಲ್ಲ. ಡೆಬಿಯನ್ ವ್ಯವಸ್ಥೆಯನ್ನಂತೂ ಹೊಸದಾಗಿ ಸ್ಥಾಪಿಸುವಾಗಲೇ, ಆರಂಭದ ಬೀಪ್ ಸದ್ದು ಕೇಳಿದ ಮೇಲೆ ಎಸ್ ಅಕ್ಷರ ಮತ್ತು ಎಂಟರ್ ಒತ್ತಿದರೆ ಮುಂದಿನ ಹಂತಗಳನ್ನು ಧ್ವನಿಯಲ್ಲಿಯೇ ಕೇಳಬಹುದು. ದೃಷ್ಟಿ ಇಲ್ಲದವರು ತಮ್ಮ ಗಣಕವನ್ನು ತಾವೇ ಸಿದ್ಧಗೊಳಿಸಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಎರಡನೆಯ ಹೆಜ್ಜೆ ಕನ್ನಡ ಧ್ವನಿಯನ್ನು ಆರಿಸುವುದು. ಓರ್ಕಾ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಆರಂಭವಾಗುತ್ತದೆ. ಆ ಸ್ಥಿತಿಯಲ್ಲಿ ಕನ್ನಡ ಪುಟವೊಂದನ್ನು ತೆರೆದರೆ ಅದು ಅಕ್ಷರಗಳನ್ನು ಪದವಾಗಿ ಕೂಡಿಸದೆ ಬಿಡಿಬಿಡಿಯಾಗಿ ಏನೋ ಹೇಳುತ್ತದೆ, ಇಲ್ಲವೇ ಬಿಟ್ಟು ಮುಂದೆ ಹೋಗುತ್ತದೆ. ಅನೇಕರು ನಿರಾಶರಾಗುವುದು ಇಲ್ಲಿಯೇ. ಇನ್ಸರ್ಟ್ ಕೀಲಿಯನ್ನು ಹಿಡಿದು ಸ್ಪೇಸ್ ಒತ್ತಿದರೆ ಓರ್ಕಾದ ಆದ್ಯತೆಗಳ ಕಿಟಕಿ ತೆರೆಯುತ್ತದೆ. ಲ್ಯಾಪ್‌ಟಾಪ್ ವಿನ್ಯಾಸ ಆರಿಸಿಕೊಂಡಿದ್ದರೆ ಇನ್ಸರ್ಟ್ ಬದಲು ಕ್ಯಾಪ್ಸ್ ಲಾಕ್ ಬಳಸಬೇಕು. ಧ್ವನಿಗೆ ಸಂಬಂಧಿಸಿದ ಭಾಗದಲ್ಲಿ ಸಂಯೋಜಕವಾಗಿ ಇಸ್ಪೀಕ್ ಎನ್‌ಜಿಯನ್ನೂ, ಭಾಷೆಯಾಗಿ ಕನ್ನಡವನ್ನೂ ಆರಿಸಿ ಉಳಿಸಬೇಕು. ಇಸ್ಪೀಕ್ ಆ ಪಟ್ಟಿಯಲ್ಲಿಯೇ ಇಲ್ಲದಿದ್ದರೆ ತಂತ್ರಾಂಶ ಭಂಡಾರದಿಂದ ಇಸ್ಪೀಕ್ ಎನ್‌ಜಿಯನ್ನೂ, ಸ್ಪೀಚ್ ಡಿಸ್ಪ್ಯಾಚರಿಗೆ ಅದನ್ನು ಜೋಡಿಸುವ ಭಾಗವನ್ನೂ ಇಳಿಸಿಕೊಳ್ಳಬೇಕು.

ಓರ್ಕಾದಲ್ಲಿ ಸಾಮಾನ್ಯ ಪಠ್ಯಕ್ಕೆ, ಕೊಂಡಿಗಳಿಗೆ, ಇಂಗ್ಲಿಷಿನ ದೊಡ್ಡಕ್ಷರಗಳಿಗೆ, ಯಂತ್ರದ ಸ್ವಂತ ಸೂಚನೆಗಳಿಗೆ ಬೇರೆ ಬೇರೆ ಧ್ವನಿ ಇಡಬಹುದು. ಇದನ್ನು ಉಪೇಕ್ಷಿಸಬಾರದು. ಕೊಂಡಿಯನ್ನು ಸ್ವಲ್ಪ ಏರಿದ ಶ್ರುತಿಯಲ್ಲಿ ಓದಿಸಿದರೆ, ಕಣ್ಣಿರುವವರು ನೀಲಿ ಬಣ್ಣ ನೋಡಿ ತಿಳಿಯುವುದನ್ನು ಕೇಳುವವರು ಕಿವಿಯಿಂದಲೇ ತಿಳಿಯುತ್ತಾರೆ.

ವೇಗ, ಶ್ರುತಿ, ವಿರಾಮಚಿಹ್ನೆ

ಇಸ್ಪೀಕ್‌ನ ಪೂರ್ವನಿಯೋಜಿತ ವೇಗ ನಿಮಿಷಕ್ಕೆ 175 ಪದಗಳು. ಈ ಲೆಕ್ಕ ಇಂಗ್ಲಿಷಿನಂಥ ಚಿಕ್ಕ ಪದಗಳ ಭಾಷೆಗೆ ಹೊಂದುವಂಥದು. 'ಓದಿಕೊಳ್ಳಬೇಕಾಗುತ್ತದೆ' ಎಂಬಂಥ ಉದ್ದ ಪದಗಳುಳ್ಳ ಕನ್ನಡದಲ್ಲಿ ಅದೇ ವೇಗದ ಅನುಭವ ಬೇರೆ. ಹೊಸಬರು ವೇಗವನ್ನು ತಗ್ಗಿಸಿ ಆರಂಭಿಸಬೇಕು. ಒಂದು ವಾರ ಕೇಳಿದ ಮೇಲೆ ಸ್ವಲ್ಪ ಏರಿಸಬೇಕು, ಕಿವಿ ಹೊಂದಿಕೊಂಡಂತೆ ಮತ್ತೆ ಏರಿಸಬೇಕು. ಅಭ್ಯಾಸವಾದವರು ಕೇಳುವ ವೇಗದಲ್ಲಿ ಮನೆಯ ಉಳಿದವರಿಗೆ ಒಂದು ಪದವೂ ತಿಳಿಯುವುದಿಲ್ಲ. ಅದನ್ನು ಕೇಳಿ "ಯಂತ್ರ ಕೆಟ್ಟಿದೆ" ಎಂದು ವೇಗ ಇಳಿಸಲು ಹೋಗಬಾರದು. ಅದು ಅವರ ಓದು.

ಶ್ರುತಿಯ ವಿಷಯದಲ್ಲಿ ಒಂದು ಸೂಚನೆ. ಕಿವಿ ಮಂದವಾದ ಹಿರಿಯರಿಗೆ ತೀರ ಎತ್ತರದ ಧ್ವನಿಗಿಂತ ತಗ್ಗಿನ ಧ್ವನಿ ಅನುಕೂಲವಾಗಬಹುದು. ಇಸ್ಪೀಕ್‌ನಲ್ಲಿ ಗಂಡು, ಹೆಣ್ಣು ಧ್ವನಿಗಳ ಹಲವು ರೂಪಾಂತರಗಳಿವೆ. ಒಂದೊಂದನ್ನೂ ಒಂದು ಪ್ಯಾರಾ ಓದಿಸಿ ನೋಡಿ ಆರಿಸಿಕೊಳ್ಳಬೇಕು.

ವಿರಾಮಚಿಹ್ನೆಗಳನ್ನು ಎಷ್ಟರ ಮಟ್ಟಿಗೆ ಹೆಸರಿಸಿ ಹೇಳಬೇಕೆಂಬುದಕ್ಕೂ ಹಂತಗಳಿವೆ: ಯಾವುದೂ ಬೇಡ, ಕೆಲವು, ಬಹುತೇಕ, ಎಲ್ಲವೂ. ವಚನ ಅಥವಾ ಕಥೆ ಓದುವಾಗ ಕನಿಷ್ಠ ಹಂತ ಸಾಕು. ಅಲ್ಪವಿರಾಮ, ಪೂರ್ಣವಿರಾಮಗಳು ಹೆಸರಾಗಿ ಕೇಳದೆ ನಿಲುಗಡೆಯಾಗಿ ಕೇಳುತ್ತವೆ. ಅರ್ಜಿ ಬರೆಯುವಾಗ, ಕರಡು ತಿದ್ದುವಾಗ, ಲೆಕ್ಕ ಪರಿಶೀಲಿಸುವಾಗ ಎಲ್ಲ ಚಿಹ್ನೆಗಳನ್ನೂ ಹೇಳಿಸಬೇಕು. ಬೆರಳಚ್ಚು ಕಲಿಯುವ ವಿದ್ಯಾರ್ಥಿಗಳು ಒತ್ತಿದ ಪ್ರತಿ ಕೀಲಿಯನ್ನು ನುಡಿಯುವ ಆಯ್ಕೆಯನ್ನು ಆರಂಭದಲ್ಲಿ ಇಟ್ಟುಕೊಂಡು, ಕೈ ಪಳಗಿದ ಮೇಲೆ ಪದಕ್ಕೊಮ್ಮೆ ನುಡಿಯುವಂತೆ ಮಾಡಿಕೊಳ್ಳಬಹುದು.

ಕನ್ನಡ, ಮರಾಠಿ, ಇಂಗ್ಲಿಷ್ ಕೂಡಿದಾಗ

ನಮ್ಮದು ಗಡಿ ಜಿಲ್ಲೆ. ಹುಕ್ಕೇರಿ, ಸಂಕೇಶ್ವರದ ಕಡೆಯ ಮನೆಗಳಿಗೆ ಕನ್ನಡದ ಜೊತೆಗೆ ಮರಾಠಿ ಪತ್ರವೂ ಬರುತ್ತದೆ, ಇಂಗ್ಲಿಷಿನಲ್ಲಿ ಬ್ಯಾಂಕಿನ ಸಂದೇಶವೂ ಬರುತ್ತದೆ. ಒಂದೇ ಧ್ವನಿಯಿಂದ ಮೂರನ್ನೂ ಓದಿಸಲು ಹೋದರೆ ಗೊಂದಲವಾಗುತ್ತದೆ. ಇಸ್ಪೀಕ್‌ನ ಕನ್ನಡ ಧ್ವನಿಯು ನಡುವೆ ಬರುವ ಇಂಗ್ಲಿಷ್ ಪದಗಳನ್ನು ಇಂಗ್ಲಿಷಿನಂತೆಯೇ ಓದುತ್ತದೆ. ಆದ್ದರಿಂದ ದಿನನಿತ್ಯದ ಬಳಕೆಗೆ ಕನ್ನಡ ಧ್ವನಿಯನ್ನು ಮುಖ್ಯವಾಗಿ ಇಟ್ಟುಕೊಳ್ಳುವುದು ಲೇಸು. ದೇವನಾಗರಿಯಲ್ಲಿರುವ ಮರಾಠಿಗೆ ಮಾತ್ರ ಮರಾಠಿ ಧ್ವನಿಯನ್ನು ಬೇರೆಯಾಗಿ ಆರಿಸಿಕೊಳ್ಳಬೇಕು. ಓರ್ಕಾದಲ್ಲಿ ಒಂದೊಂದು ಅನ್ವಯಕ್ಕೆ ಪ್ರತ್ಯೇಕ ಸಿದ್ಧತೆ ಉಳಿಸಿಡುವ ಅವಕಾಶವಿದೆ. ಪುಸ್ತಕ ಓದುವ ತಂತ್ರಾಂಶಕ್ಕೆ ಒಂದು ವೇಗ, ಪತ್ರ ಬರೆಯುವ ತಂತ್ರಾಂಶಕ್ಕೆ ಇನ್ನೊಂದು ವೇಗ ಎಂದು ಇಟ್ಟುಕೊಳ್ಳಬಹುದು.

ಜಾಲತಾಣ ನಿರ್ಮಿಸುವವರು ಪುಟದ ಭಾಷೆ ಕನ್ನಡ ಎಂದು ಒಳಗಿನ ಸಂಕೇತದಲ್ಲಿ ನಮೂದಿಸಿದ್ದರೆ, ಭಾಷೆಯನ್ನು ತಾನಾಗಿ ಬದಲಿಸಬಲ್ಲ ಸ್ಕ್ರೀನ್ ರೀಡರ್‌ಗಳು ಅದನ್ನು ನೋಡಿ ಕನ್ನಡ ಧ್ವನಿಗೆ ತಿರುಗುತ್ತವೆ. ಕನ್ನಡ ಪುಟಕ್ಕೆ ಇಂಗ್ಲಿಷ್ ಎಂದು ನಮೂದಿಸಿದ್ದರೆ ಧ್ವನಿಯೂ ದಾರಿ ತಪ್ಪುತ್ತದೆ. ಒಂದು ಸಾಲಿನ ಈ ತಿದ್ದುಪಡಿಗೆ ಖರ್ಚಿಲ್ಲ.

ವಿಂಡೋಸ್ ಮತ್ತು ಮೊಬೈಲ್

ಮನೆಯ ಗಣಕದಲ್ಲಿ ವಿಂಡೋಸ್ ಇದ್ದರೂ ಮುಕ್ತ ತಂತ್ರಾಂಶದ ದಾರಿ ಮುಚ್ಚಿಲ್ಲ. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಅನ್ನು ಆಸ್ಟ್ರೇಲಿಯಾದ ಮೈಕೆಲ್ ಕರನ್ ಎಂಬುವರು 2006ರಲ್ಲಿ ಆರಂಭಿಸಿದರು. ಜೇಮ್ಸ್ ಟೆ ಅವರ ಜೊತೆಗೂಡಿದರು. ಇಬ್ಬರೂ ದೃಷ್ಟಿ ಇಲ್ಲದವರು. ದುಬಾರಿ ಸ್ಕ್ರೀನ್ ರೀಡರ್‌ಗಳನ್ನು ಕೊಳ್ಳಲಾಗದವರಿಗೂ ಗಣಕ ದೊರೆಯಬೇಕೆಂಬ ಸಂಕಲ್ಪದಿಂದ ಹುಟ್ಟಿದ ಈ ತಂತ್ರಾಂಶದೊಳಗೆ ಇಸ್ಪೀಕ್ ಎನ್‌ಜಿ ಅಡಕವಾಗಿಯೇ ಬರುತ್ತದೆ. ಎನ್‌ವಿಡಿಎ ಕೀಲಿ (ಸಾಮಾನ್ಯವಾಗಿ ಇನ್ಸರ್ಟ್), ಕಂಟ್ರೋಲ್ ಮತ್ತು ವಿ ಅಕ್ಷರ ಒತ್ತಿದರೆ ಧ್ವನಿಯ ಸಿದ್ಧತೆ ತೆರೆಯುತ್ತದೆ. ಅಲ್ಲಿ ಕನ್ನಡ ಧ್ವನಿ, ವೇಗ, ಶ್ರುತಿ, ಏರಿಳಿತಗಳನ್ನು ಹೊಂದಿಸಬಹುದು. ಭಾಷೆಯನ್ನು ತಾನಾಗಿ ಬದಲಿಸುವ ಆಯ್ಕೆಯೂ ಅಲ್ಲಿಯೇ ಇದೆ.

ಆಂಡ್ರಾಯ್ಡ್ ಮೊಬೈಲಿನಲ್ಲಿ ಟಾಕ್‌ಬ್ಯಾಕ್ ಎಂಬ ಸ್ಕ್ರೀನ್ ರೀಡರ್ ಇದೆ. ಹಲವು ಮೊಬೈಲ್‌ಗಳಲ್ಲಿ ಸದ್ದಿನ ಎರಡೂ ಗುಂಡಿಗಳನ್ನು ಕೆಲವು ಕ್ಷಣ ಒತ್ತಿ ಹಿಡಿದು ಇದನ್ನು ಆರಂಭಿಸಬಹುದು. ಸೆಟ್ಟಿಂಗ್ಸ್‌ನಲ್ಲಿ ಪಠ್ಯವನ್ನು ಧ್ವನಿಯಾಗಿಸುವ ವಿಭಾಗಕ್ಕೆ ಹೋಗಿ ಎಂಜಿನ್ ಮತ್ತು ಭಾಷೆಯನ್ನು ಆರಿಸಬೇಕು. ಮೊಬೈಲಿನೊಡನೆ ಬರುವ ಗೂಗಲ್‌ನ ಧ್ವನಿ ಕನ್ನಡವನ್ನು ಇಂಪಾಗಿ ಓದುತ್ತದೆ, ಆದರೆ ಅದು ಮುಕ್ತ ತಂತ್ರಾಂಶವಲ್ಲ. ಮುಕ್ತ ಧ್ವನಿ ಬೇಕೆನ್ನುವವರು ಇಸ್ಪೀಕ್‌ನ ಆಂಡ್ರಾಯ್ಡ್ ರೂಪವನ್ನು ಹಾಕಿಕೊಳ್ಳಬಹುದು.

ಸಂಕ್ಷಿಪ್ತ ರೂಪಗಳ ಉಚ್ಚಾರಣೆ

ನಮ್ಮ ಮಠಗಳ ಪತ್ರಿಕೆಗಳಲ್ಲಿ 'ಶ್ರೀ ಮ.ನಿ.ಪ್ರ.', 'ಷ.ಬ್ರ.', 'ಲಿಂ.' ಎಂಬ ಸಂಕ್ಷಿಪ್ತ ರೂಪಗಳು ಹೆಜ್ಜೆಹೆಜ್ಜೆಗೂ ಬರುತ್ತವೆ. ಕಣ್ಣಿನಿಂದ ಓದುವವರು ಇವನ್ನು ಶ್ರೀಮನ್ನಿರಂಜನ ಪ್ರಣವಸ್ವರೂಪಿ, ಷಟ್‌ಸ್ಥಲ ಬ್ರಹ್ಮಿ, ಲಿಂಗೈಕ್ಯ ಎಂದು ತಾವಾಗಿಯೇ ಬಿಡಿಸಿಕೊಳ್ಳುತ್ತಾರೆ. ಯಂತ್ರಕ್ಕೆ ಆ ತಿಳಿವಳಿಕೆ ಇಲ್ಲ. ಅದು 'ಮ', 'ನಿ', 'ಪ್ರ' ಎಂದು ಅಕ್ಷರ ಹೇಳಿ, ಒಂದೊಂದು ಚುಕ್ಕೆಯಲ್ಲಿಯೂ ವಾಕ್ಯ ಮುಗಿದಂತೆ ನಿಲ್ಲಬಹುದು. 'ತಾ.', 'ಜಿ.', 'ಕ್ರಿ.ಶ.' ಇವುಗಳ ಪಾಡೂ ಅಷ್ಟೇ.

ಇದಕ್ಕೆ ಉಚ್ಚಾರಣೆಯ ಕೋಶವೆಂಬ ಪರಿಹಾರವಿದೆ. ಎನ್‌ವಿಡಿಎಯಲ್ಲಿ ಇದನ್ನು ಸ್ಪೀಚ್ ಡಿಕ್ಷನರಿ ಎನ್ನುತ್ತಾರೆ. ಪರದೆಯಲ್ಲಿ ಇರುವ ರೂಪವನ್ನು ಒಂದು ಕಡೆ, ನುಡಿಯಬೇಕಾದ ರೂಪವನ್ನು ಇನ್ನೊಂದು ಕಡೆ ಬರೆದಿಟ್ಟರೆ ಮುಂದೆ ಆ ರೂಪ ಬಂದಾಗಲೆಲ್ಲ ಪೂರ್ಣ ಪದವೇ ಕೇಳುತ್ತದೆ. ಓರ್ಕಾದಲ್ಲಿಯೂ ಇಂಥ ಕೋಶವಿದೆ. ಆದರೆ ಅದು ಬಿಡಿ ಪದಗಳನ್ನು ಆಧರಿಸಿ ನಡೆಯುವುದರಿಂದ ಕನ್ನಡದ ಪ್ರತಿಯೊಂದು ನಮೂದನ್ನೂ ಓದಿಸಿ ಪರೀಕ್ಷಿಸಿಯೇ ನೆಚ್ಚಿಕೊಳ್ಳಬೇಕು. ತಮ್ಮ ಊರು, ಮನೆತನ, ಬಂಧುಗಳ ಹೆಸರುಗಳಲ್ಲಿ ತಪ್ಪಾಗಿ ಕೇಳುವುದನ್ನು ಬಳಕೆದಾರರು ಹೀಗೆ ಒಂದೊಂದಾಗಿ ಸೇರಿಸುತ್ತಾ ಹೋದರೆ ಕೆಲವು ತಿಂಗಳಲ್ಲಿ ಯಂತ್ರ ಅವರ ಮನೆಯ ಮಾತಿಗೆ ಒಗ್ಗುತ್ತದೆ.

ಬರೆಯುವವರ ಹೊಣೆ

ಇಷ್ಟು ಹೊತ್ತು ಹೇಳಿದ್ದು ಕೇಳುವವರ ಸಿದ್ಧತೆ. ಆದರೆ ಅವರು ಎಷ್ಟು ಸಿದ್ಧರಾದರೂ ನಾವು ಕೊಡುವ ಪಠ್ಯ ಸರಿಯಿಲ್ಲದಿದ್ದರೆ ಅವರ ಶ್ರಮ ವ್ಯರ್ಥ. ಮಠ, ಶಾಲೆ, ಸಹಕಾರಿ ಸಂಘ, ಗ್ರಾಮ ಪಂಚಾಯಿತಿಗಳಲ್ಲಿ ಕನ್ನಡ ಬೆರಳಚ್ಚು ಮಾಡುವ ಎಲ್ಲ ಬಂಧುಗಳೂ ಈ ಕೆಳಗಿನ ವಿಷಯಗಳನ್ನು ಗಮನಿಸಬೇಕೆಂದು ವಿನಂತಿಸುತ್ತೇವೆ.

ಮೊದಲನೆಯದು ಯೂನಿಕೋಡ್. ಬಹುಕಾಲ ನಾವು ಕನ್ನಡವನ್ನು ಹಳೆಯ ಬಗೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡುತ್ತಾ ಬಂದಿದ್ದೇವೆ. ಅವುಗಳಲ್ಲಿ ಪರದೆಯ ಮೇಲೆ ಕನ್ನಡ ಕಾಣಿಸಿದರೂ ಒಳಗೆ ಶೇಖರವಾಗುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಸ್ಕ್ರೀನ್ ರೀಡರ್ ಓದುವುದು ಒಳಗಿನದನ್ನು. ಆದ್ದರಿಂದ ಕಣ್ಣಿಗೆ ಅಚ್ಚುಕಟ್ಟಾದ ಆಮಂತ್ರಣ ಪತ್ರ ಕಿವಿಗೆ ಅರ್ಥವಿಲ್ಲದ ಸದ್ದಾಗುತ್ತದೆ. ಧ್ವನಿ ಸಂಯೋಜಕದ ಯಾವ ಸಿದ್ಧತೆಯೂ ಇದನ್ನು ಸರಿಪಡಿಸಲಾರದು. ನುಡಿ, ಬರಹ ತಂತ್ರಾಂಶಗಳ ಈಚಿನ ಆವೃತ್ತಿಗಳಲ್ಲಿ ಯೂನಿಕೋಡ್ ಆಯ್ಕೆ ಇದೆ. ಹಳೆಯ ಕಡತಗಳನ್ನು ಯೂನಿಕೋಡಿಗೆ ಬದಲಿಸುವ ಉಚಿತ ಪರಿವರ್ತಕಗಳೂ ಇವೆ.

ಎರಡನೆಯದು ಸೊನ್ನೆ ಮತ್ತು ಅನುಸ್ವಾರ. ಕನ್ನಡ ಅಂಕಿಯ ಸೊನ್ನೆಯೂ ಅನುಸ್ವಾರವೂ ನೋಡಲು ಒಂದೇ ತೆರನಾಗಿರುವುದರಿಂದ ಕೆಲವರು ಒಂದರ ಬದಲು ಇನ್ನೊಂದನ್ನು ಹೊಡೆಯುತ್ತಾರೆ. 'ಲಿಂಗ' ಎಂಬಲ್ಲಿ ಅನುಸ್ವಾರದ ಬದಲು ಅಂಕಿಯ ಸೊನ್ನೆ ಕುಳಿತರೆ ಮುದ್ರಣದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಕೇಳುವವರಿಗೆ ಮಾತ್ರ ಪದ ಒಡೆದು 'ಲಿ, ಸೊನ್ನೆ, ಗ' ಎಂದಾಗುತ್ತದೆ. ಹುಡುಕುವಾಗಲೂ ಆ ಪದ ಸಿಗುವುದಿಲ್ಲ.

ಮೂರನೆಯದು ಚಿತ್ರರೂಪದ ಸಂದೇಶ. ಜಾತ್ರೆ, ಪ್ರವಚನ, ಶಿವಾನುಭವ ಗೋಷ್ಠಿಗಳ ವಿವರವನ್ನು ನಾವು ಬಣ್ಣದ ಚಿತ್ರವಾಗಿ ವಾಟ್ಸಾಪಿನಲ್ಲಿ ಕಳುಹಿಸುತ್ತೇವೆ. ಚಿತ್ರದೊಳಗಿನ ಅಕ್ಷರ ಸ್ಕ್ರೀನ್ ರೀಡರಿಗೆ ಅಕ್ಷರವಲ್ಲ. ಟೆಸೆರಾಕ್ಟ್ ಎಂಬ ಮುಕ್ತ ತಂತ್ರಾಂಶ ಚಿತ್ರದಿಂದ ಕನ್ನಡ ಅಕ್ಷರಗಳನ್ನು ಗುರುತಿಸಬಲ್ಲದು, ಆದರೆ ಅಲಂಕಾರದ ಅಕ್ಷರಗಳಲ್ಲಿ ತಪ್ಪುಗಳಾಗುತ್ತವೆ. ಚಿತ್ರದ ಕೆಳಗೆ ದಿನಾಂಕ, ಸಮಯ, ಸ್ಥಳಗಳನ್ನು ನಾಲ್ಕು ಸಾಲಿನಲ್ಲಿ ಬರೆದು ಕಳುಹಿಸಿದರೆ ಸಾಕು. ಅಲಂಕಾರಕ್ಕೆಂದು ಸಾಲಿನ ಎರಡೂ ಬದಿಗೆ ಹಾಕುವ ಉದ್ದಗೆರೆಗಳು, ಕೈಮುಗಿದ ಚಿಹ್ನೆಯ ಹತ್ತು ಪ್ರತಿಗಳು ಇವನ್ನೂ ಮಿತಗೊಳಿಸಬೇಕು. ನಾವು ಭಕ್ತಿಯಿಂದ ಹಾಕಿದ ಚಿಹ್ನೆಯ ಹೆಸರನ್ನು ಅವರು ಹತ್ತು ಬಾರಿ ಕೇಳಿದ ಮೇಲೆ ವಿಷಯಕ್ಕೆ ಬರಬೇಕಾದೀತು.

ಓದಲು ಏನಿದೆ?

ಧ್ವನಿ ಸಿದ್ಧವಾದ ಮೇಲೆ ಓದಲು ಪಠ್ಯ ಬೇಕಷ್ಟೆ. ಕರ್ನಾಟಕ ಸರ್ಕಾರ ಪ್ರಕಟಿಸಿದ, ಡಾ. ಎಂ.ಎಂ. ಕಲಬುರ್ಗಿ ಅವರ ಪ್ರಧಾನ ಸಂಪಾದಕತ್ವದ ಸಮಗ್ರ ವಚನ ಸಂಪುಟಗಳು 15. ಈ ವಚನರಾಶಿ 'ವಚನ ಸಂಚಯ' ಎಂಬ ಜಾಲತಾಣದಲ್ಲಿ ಯೂನಿಕೋಡ್ ರೂಪದಲ್ಲಿ ಉಚಿತವಾಗಿ ದೊರೆಯುತ್ತದೆ. ಅಲ್ಲಿರುವ ವಚನಗಳು 20,000ಕ್ಕೂ ಹೆಚ್ಚು. ವಚನಕಾರರ ಹೆಸರಿನಿಂದಲೂ ಪದಗಳಿಂದಲೂ ಅವನ್ನು ಹುಡುಕಬಹುದು. ಇದನ್ನು ರೂಪಿಸಿದವರು ದೃಷ್ಟಿಹೀನರಿಗಾಗಿಯೇ ರೂಪಿಸಿದ್ದಲ್ಲ, ಎಲ್ಲರಿಗಾಗಿ ರೂಪಿಸಿದರು. ಪಠ್ಯ ಶುದ್ಧ ಯೂನಿಕೋಡಿನಲ್ಲಿ ಇರುವುದರಿಂದ ಇಸ್ಪೀಕ್‌ನ ಕನ್ನಡ ಧ್ವನಿ ಅದನ್ನು ನೇರವಾಗಿ ಓದಬಲ್ಲದು. ದೊಡ್ಡ ಗ್ರಂಥಾಲಯಗಳ ಕಪಾಟಿನಲ್ಲಿದ್ದ ಈ ವಚನಗಳನ್ನು ಮೂಡಲಗಿಯ ವಿದ್ಯಾರ್ಥಿಯೊಬ್ಬ ತನ್ನ ಮನೆಯಲ್ಲಿ ಕುಳಿತು, ಯಾರನ್ನೂ ಕಾಯದೆ, ತನ್ನ ವೇಗದಲ್ಲಿ ಓದಲು ಈಗ ಅಡ್ಡಿಯಿಲ್ಲ.

2016ರಲ್ಲಿ ಆರಂಭವಾದ 'ಸುಗಮ್ಯ ಪುಸ್ತಕಾಲಯ' ಎಂಬ ಆನ್‌ಲೈನ್ ಗ್ರಂಥಾಲಯ ಮುದ್ರಿತ ಪುಸ್ತಕ ಓದಲಾಗದವರಿಗೆ ಹಲವು ಭಾರತೀಯ ಭಾಷೆಗಳ ಪುಸ್ತಕಗಳನ್ನು ಒದಗಿಸುತ್ತದೆ. ಕಾನೂನಿನ ಬೆಂಬಲವೂ ಇದೆ. 2012ರ ಕೃತಿಸ್ವಾಮ್ಯ ತಿದ್ದುಪಡಿಯ ಪ್ರಕಾರ ವಿಕಲಚೇತನರ ಓದಿಗಾಗಿ, ಲಾಭದ ಉದ್ದೇಶವಿಲ್ಲದೆ, ಪುಸ್ತಕವನ್ನು ಅವರು ಓದಬಲ್ಲ ರೂಪಕ್ಕೆ ತರಲು ಅವಕಾಶವಿದೆ. ಇದೇ ಆಶಯದ 2013ರ ಮರಾಕೇಶ್ ಒಪ್ಪಂದವನ್ನು ಜಗತ್ತಿನಲ್ಲಿ ಮೊಟ್ಟಮೊದಲು ಅನುಮೋದಿಸಿದ ದೇಶ ಭಾರತ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಮಾಹಿತಿ ಮತ್ತು ಸಂವಹನ ಎಲ್ಲರಿಗೂ ಎಟುಕುವಂತಿರಬೇಕೆಂದು ಹೇಳುತ್ತದೆ.

ಸದ್ಭಕ್ತರಲ್ಲಿ ವಿನಂತಿ

ಗಣಕ ಬಲ್ಲ ನಮ್ಮ ಯುವಕ ಯುವತಿಯರು ತಮ್ಮ ಓಣಿಯಲ್ಲಿ ದೃಷ್ಟಿ ಇಲ್ಲದವರಿದ್ದರೆ ಅವರ ಮನೆಗೆ ಹೋಗಿ ಅರ್ಧ ದಿನ ಕೊಡಲಿ. ಧ್ವನಿಯನ್ನು ಹಚ್ಚಿಕೊಟ್ಟು ಬರುವುದಷ್ಟೇ ಸಾಲದು. ವೇಗ, ಶ್ರುತಿ, ಭಾಷೆಗಳನ್ನು ಅವರೇ ಬದಲಿಸಿಕೊಳ್ಳುವುದನ್ನು ಕಲಿಸಿ ಬರಬೇಕು. ಕೀಲಿಗಳ ಮೇಲೆ ಅವರ ಬೆರಳೇ ಇರಲಿ, ನಿಮ್ಮದು ಬೇಡ. ಬಳಸದೆ ಬದಿಗಿಟ್ಟ ಹಳೆಯ ಲ್ಯಾಪ್‌ಟಾಪ್ ಇದ್ದವರು ಅದಕ್ಕೆ ಹಗುರವಾದ ಲಿನಕ್ಸ್ ಹಾಕಿ ಕೊಟ್ಟರೆ ಒಬ್ಬರ ಓದಿಗೆ ಅದು ಸಾಕಾಗಬಹುದು.

ಇಸ್ಪೀಕ್ ಮುಕ್ತ ತಂತ್ರಾಂಶವಾದ್ದರಿಂದ ಅದರ ಕನ್ನಡ ಉಚ್ಚಾರಣೆಯ ನಿಯಮಗಳನ್ನು ಯಾರು ಬೇಕಾದರೂ ನೋಡಬಹುದು, ತಿದ್ದುಪಡಿ ಸೂಚಿಸಬಹುದು. ಕನ್ನಡ ಅಧ್ಯಾಪಕರೂ ತಂತ್ರಜ್ಞರೂ ದೃಷ್ಟಿ ವಿಕಲಚೇತನ ಬಳಕೆದಾರರೂ ಕೂಡಿ ತಪ್ಪು ಉಚ್ಚಾರಣೆಗಳ ಪಟ್ಟಿ ಮಾಡಿ ಕಳುಹಿಸಿದರೆ ಅದರ ಫಲ ನಮ್ಮ ಮೂರು ತಾಲ್ಲೂಕುಗಳಿಗೆ ಮಾತ್ರವಲ್ಲ, ಕನ್ನಡ ಕೇಳಿ ಓದುವ ಎಲ್ಲರಿಗೂ ಸಲ್ಲುತ್ತದೆ. ಬೆರಳಚ್ಚು ಮಾಡುವ ಬಂಧುಗಳು ತಮ್ಮ ಮುಂದಿನ ಪ್ರಕಟಣೆಯನ್ನು ಯೂನಿಕೋಡಿನಲ್ಲಿ ಸಿದ್ಧಪಡಿಸಿ, ಹೊರಗೆ ಕಳುಹಿಸುವ ಮೊದಲು ಒಮ್ಮೆ ಸ್ಕ್ರೀನ್ ರೀಡರಿನಿಂದ ಓದಿಸಿ ಕೇಳಲಿ. ಕಿವಿಗೆ ಸರಿಯಾಗಿ ಕೇಳಿದರೆ ಆ ಪ್ರಕಟಣೆ ಸಮಾಜದ ಎಲ್ಲರಿಗೂ ತಲುಪಿತೆಂದು ತಿಳಿಯಬಹುದು.